ಇಬ್ಬರಿಗೆ ಒಂದು ಜೊತೆ ಬೂಟು

ನನ್ನ ಗಂಡನಿಗೆ ಲೇಆಫ್ ಆಗಿ ಏಳು ತಿಂಗಳಾಗಿತ್ತು. ಹೃದಯಕ್ಕೆ ಸ್ಟೆಂಟ್ ಹಾಕಿ ಮೂರು ತಿಂಗಳು. ನಾವಿರುವ ವುಡ್‌ರಿಡ್ಜ್‌ನಿಂದ ಡೆಟ್ರಾಯ್ಟ್ ತನಕ ಸ್ನೇಹಿತರ ಮನೆಯ ಸತ್ಯನಾರಾಯಣ ಪೂಜೆಗೆ ಹೋದದ್ದು, ಅಲ್ಲಿ ಯಾರಾದರೂ ಒಂದು ಕೆಲಸದ ಸುಳಿವು ಕೊಟ್ಟಾರು ಎಂಬ ಆಸೆಯಿಂದ. ಅಲ್ಲಿಗೆ ಬಂದಿದ್ದ ಗಂಡಸರಲ್ಲಿ ಅರ್ಧ ಜನ ತಾವೇ ಕೆಲಸ ಹುಡುಕುತ್ತಿದ್ದರು.

ಹಿಮ ಬರುತ್ತದೆಂದು ಊಟವಾದ ಕೂಡಲೇ ಹೊರಟೆವು. ಗ್ಯಾರೇಜಿನಲ್ಲಿ ಚಪ್ಪಲಿ, ಬೂಟುಗಳ ರಾಶಿ. ನನ್ನ ಬೂಟು ಸಿಗಲಿಲ್ಲ; ಯಾರೋ ತಮ್ಮದೆಂದು ಹಾಕಿಕೊಂಡು ಹೋಗಿದ್ದರು. ಮನೆಯಾಕೆ ತಮ್ಮ ರಬ್ಬರ್ ಚಪ್ಪಲಿ ಕೊಟ್ಟರು. ಕಾರಿನಲ್ಲಿ ತಾನೇ ಕೂರುವುದು ಎಂದುಕೊಂಡೆ.

ಅರ್ಧಕ್ಕಿಂತ ಹೆಚ್ಚು ದಾರಿ ಕಳೆದು ಬೆಂಟನ್ ಹಾರ್ಬರ್ ಎಂಬ ಊರಿನ ಹತ್ತಿರ, ಸರೋವರದ ಕಡೆಯಿಂದ ಬೀಸಿದ ಹಿಮಕ್ಕೆ ಮುಂದಿದ್ದ ಟ್ರಕ್ಕೇ ಕಾಣದಾಯಿತು. ವಾಹನಗಳೆಲ್ಲ ನಿಂತಲ್ಲೇ ನಿಂತವು. ಇನ್ನೂ ಮಧ್ಯಾಹ್ನ. ಪೆಟ್ರೋಲ್ ಉಳಿಯಲೆಂದು ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಹಾಕಿ ಹೀಟರ್ ಹಚ್ಚುವುದೆಂದು ಮಾಡಿಕೊಂಡೆವು. ಆದರೆ ಪ್ರತಿ ಸಲವೂ ಮೊದಲು ಹಿಂದಿನ ಹೊಗೆ ಕೊಳವೆಯ ಸುತ್ತ ಹಿಮ ತೆಗೆಯಬೇಕು. ಇಲ್ಲದಿದ್ದರೆ ಹೊಗೆ ಒಳಗೇ ತುಂಬಿ ಕೂತಲ್ಲೇ ಪ್ರಾಣ ಹೋಗುತ್ತದೆ.

"ನೀವು ಇಳೀಬೇಡಿ. ಹಿಮ ಎತ್ತಬಾರದು ಅಂತ ಡಾಕ್ಟ್ರು ಹೇಳಿಲ್ವಾ?"

"ಮತ್ತೆ ನೀನು ಈ ಬಾತ್‌ರೂಮ್ ಚಪ್ಪಲೀಲಿ ಹೋಗ್ತೀಯಾ? ಸುಮ್ನಿರು."

ಚಳಿಗಾಲದಲ್ಲಿ ಕಾರಿನಲ್ಲೇ ಇಡುವ ಸಲಿಕೆ ತೆಗೆದುಕೊಂಡು ಇಳಿದರು. ವಾಪಸು ಬಂದಾಗ ತುಟಿ ಬೆಳ್ಳಗಾಗಿತ್ತು. ಎದೆಯ ಮೇಲೆ ಕೈಯಿಟ್ಟುಕೊಂಡು ಸೀಟಿಗೆ ಒರಗಿದರು.

ಮುಂದಿನ ಸಲ ಅವರ ಬೂಟನ್ನು ನಾನೇ ಬಿಚ್ಚಿದೆ. ನನ್ನ ಕಾಲು ಅದರೊಳಗೆ ಈಜಾಡುತ್ತಿತ್ತು. ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಕೆಳಗೆ ಎರಡು ರವಿಕೆ ಕಣಗಳಿದ್ದವು, ಯಾರೂ ಹೊಲಿಸದೆ ಮನೆಯಿಂದ ಮನೆಗೆ ದಾಟಿಸುವಂಥವು. ಒಂದೊಂದು ಬೂಟಿಗೆ ಒಂದೊಂದನ್ನು ತುರುಕಿದೆ. ಸೀರೆ ಎತ್ತಿ ಕಟ್ಟಿದೆ.

"ಅಂತೂ ಬ್ಲೌಸ್ ಪೀಸ್ ಒಂದು ಕೆಲಸಕ್ಕೆ ಬಂತು ನೋಡು," ಎಂದರು. "ನನಗಿಂತ ಮುಂಚೆ ಅದಕ್ಕೇ ಕೆಲಸ ಸಿಕ್ತು."

ನನಗೆ ನಗು ಬರಲಿಲ್ಲ. ಮತ್ತೆ ಅವರನ್ನು ಇಳಿಯಲು ಬಿಡಲಿಲ್ಲ. ನಾಲ್ಕು ಸಲ ಹೋಗಿಬಂದೆ. ಪ್ರತಿ ಸಲವೂ ನಾನು ಬಿಚ್ಚಿದ ಒದ್ದೆ ಬೂಟನ್ನು ಅವರು ಹೀಟರಿನ ಮುಂದೆ ಹಿಡಿದುಕೊಂಡು ಕೂತಿರುತ್ತಿದ್ದರು. ಕತ್ತಲಾಗಿ ಎಷ್ಟೋ ಹೊತ್ತಾದ ಮೇಲೆ ಹಿಮ ತಳ್ಳುವ ಗಾಡಿ ಬಂತು.

ಅವರು ಹೋದದ್ದು ಮುಂದಿನ ಬೇಸಿಗೆಯಲ್ಲಿ, ಅಡುಗೆಮನೆಯ ಮೇಜಿನ ಮುಂದೆ. ಅದಕ್ಕೂ ಆ ದಿನಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದರು. ಇರಬಹುದು. ಅವರ ಬಟ್ಟೆಗಳನ್ನೆಲ್ಲ ಕೊಟ್ಟುಬಿಟ್ಟೆ. ಬೂಟು ಇಟ್ಟುಕೊಂಡಿದ್ದೇನೆ. ಹಿಮ ಬಿದ್ದ ಬೆಳಿಗ್ಗೆ ಅದನ್ನೇ ಹಾಕಿಕೊಂಡು ಮನೆಯ ಮುಂದೆ ದಾರಿ ಮಾಡುತ್ತೇನೆ. ಎರಡು ಸಲ ಎತ್ತಿ ಒಮ್ಮೆ ನಿಲ್ಲುತ್ತೇನೆ. ಆಗೆಲ್ಲ ಅವರು ಇಳಿದುಹೋದ ಆ ಮೊದಲ ಸಲವೇ ಕಣ್ಣ ಮುಂದೆ ಬರುತ್ತದೆ. ಬೂಟು ಆಗಲೂ ಅಲ್ಲೇ ಇತ್ತು. ಕಣಗಳೂ ಚೀಲದಲ್ಲೇ ಇದ್ದವು. ನನಗೆ ಹೊಳೆದಿರಲಿಲ್ಲ.