ಚೀನಾ ಮಾತು ಬರುತ್ತಿದ್ದ ತಿಪ್ಪೇಶಪ್ಪ

ತಿಪ್ಪೇಶಪ್ಪ ಅರವತ್ತೆರಡರ ಯುದ್ಧದಲ್ಲಿ ಚೀನಾದವರ ಕೈಗೆ ಸಿಕ್ಕು ಸೆರೆಯಲ್ಲಿದ್ದು ಬಂದ ಸಿಪಾಯಿ. ಎರಡು ಕಾಲ್ಬೆರಳು ಹಿಮಕ್ಕೆ ಕೊಟ್ಟು ಚೀನಾ ಮಾತು ತಂದಿದ್ದ. ಅಲ್ಲಿ ತಪ್ಪು ಹೇಳಿದವನ ತಟ್ಟೆಗೆ ಗಂಜಿ ಬೀಳುತ್ತಿರಲಿಲ್ಲ. ಹಸಿದು ಕಲಿತ ಮಾತು, ತಪ್ಪಾಗಿ ಹೇಳೆಂದರೂ ನಾಲಿಗೆ ಹೊರಳುತ್ತಿರಲಿಲ್ಲ.

ಬಿಳಿಚೋಡಿನಾಚೆಯ ತನ್ನೂರಲ್ಲಿ, ಸಿಪಾಯಿಗಳಿಗೆ ಕೊಡುವ ಜಮೀನಿಗೆ ಅರ್ಜಿ ಹಾಕಿದ. ಚೇರ್ಮನ್ ಕಲ್ಲೇಶಪ್ಪನ ಶಿಫಾರಸು ಬೇಕಿತ್ತು. ಕಲ್ಲೇಶಪ್ಪ ಅದೊಂದು ಬಿಟ್ಟು ಎಲ್ಲ ಮಾಡಿದ. ನೆಂಟರು ಬಂದಾಗಲೆಲ್ಲ ಅವನನ್ನು ಕರೆಸಿ ಅಂಗಳದಲ್ಲಿ ನಿಲ್ಲಿಸುತ್ತಿದ್ದ. ಜಗುಲಿ ಹತ್ತುವ ಜಾತಿ ತಿಪ್ಪೇಶಪ್ಪನದಲ್ಲ.

"ಲೇ ತಿಪ್ಪಾ, ನಾನು, ಎಲೆಕ್ಷನ್ನಾಗೆ ನನ್ನೆದುರು ಸೋತ ಆ ವಿರೂಪಾಕ್ಷಪ್ಪ. ಯಾರು ಎತ್ತರ? ಚೀನಾದಾಗೆ ಹೇಳು."

"ನೀ ಬೀ ತಾ ಕಂಗ್ ಕಾವ್. ಅವರಿಗಿಂತ ನೀವು ಇನ್ನೂ ಎತ್ತರ, ಬುದ್ಧಿ."

"ಭಾಳ ಎತ್ತರ ಅನ್ನಲೇ!"

"ಹೋಲಿಸುವಾಗ ಚೀನಾದವರು ಭಾಳ ಅನ್ನೋ 'ಹೆನ್' ಹಚ್ಚಂಗಿಲ್ಲ ಬುದ್ಧಿ. ತುಸು ಅನ್ನಬೌದು, ಇನ್ನೂ ಅನ್ನಬೌದು. ಇನ್ನೂ ಅಂದ್ರೆ ಅವರೂ ಎತ್ತರಾನೇ, ನೀವು ಅದಕ್ಕೂ ಮ್ಯಾಲೆ."

"ಆ ಗಿಡ್ಡ ನನ್ಮಗ ಎತ್ತರಾನೇನೋ?" ಜಗುಲಿಯೆಲ್ಲ ನಕ್ಕಿತು.

ಎಪ್ಪತ್ತಾರರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಜಮೀನಿನ ತನಿಖೆಗೆ ತಾಲ್ಲೂಕಿನ ಸಾಹೇಬರು ಬಂದು ಕಲ್ಲೇಶಪ್ಪನ ಜಗುಲಿಯಲ್ಲಿ ಕೂತರು. ತಿಪ್ಪೇಶಪ್ಪನಿಗೆ ಕರೆ ಬಂತು. "ಏನಂದ್ರೂ ಅನ್ನಿಸ್ಕೊಂಡು ಬಾ, ಹೊಲ ಬರ್ಲಿ" ಎಂದು ಹೆಂಡತಿ ಉಚ್ಚಂಗಮ್ಮ ಕಳಿಸಿದಳು.

"ನೀನು, ನನ್ನ ನಾಯಿ. ಯಾರು ಕೀಳು?" ಎಂದ ಕಲ್ಲೇಶಪ್ಪ.

ತಿಪ್ಪೇಶಪ್ಪ ಚೀನಾದಲ್ಲಿ ಹೇಳಿ ಅರ್ಥ ಬಿಡಿಸಿದ. "ನಾಯಿಗಿಂತ ನಾನು ಇನ್ನೂ ಕೀಳು."

"ಇನ್ನೂ ಅಂದ್ರೆ ನನ್ನ ನಾಯೀನೂ ಕೀಳಾತಲ್ಲೋ! ನೀನೇ ಕಲಿಸಿದ್ದು. ತಿದ್ದಿ ಹೇಳು."

ತಿಪ್ಪೇಶಪ್ಪ 'ಇನ್ನೂ' ಎನ್ನುವ 'ಕಂಗ್' ತೆಗೆದು ಹೇಳಿದ. ತಾನೊಬ್ಬನೇ ಕೀಳಾದ.

ಸಾಹೇಬರು ನಗಲಿಲ್ಲ. "ಶತ್ರು ಭಾಷೆ ಇಷ್ಟು ಸಲೀಸಾಗಿ ಆಡೋನಿಗೆ ಸರ್ಕಾರಿ ಜಮೀನೇನ್ರೀ? ಕಾಲ ಎಂಥದು ಅಂತ ಗೊತ್ತಲ್ಲ?"

"ಅದನ್ನು ತೋರಿಸಾಕೇ ಕರೆಸಿದ್ದು ಸ್ವಾಮಿ," ಎಂದ ಕಲ್ಲೇಶಪ್ಪ.

"ಸೆರೆಯಾಗೆ ಕಲಿತದ್ದು ಸ್ವಾಮಿ, ಗಂಜಿಗೆ..." ಎನ್ನುವಷ್ಟರಲ್ಲಿ ಸಾಹೇಬರು ಊಟಕ್ಕೆ ಎದ್ದಿದ್ದರು.

ಜಮೀನು ಕಲ್ಲೇಶಪ್ಪನ ಷಡ್ಡಕನ ಪಾಲಾಯಿತು. ಆತ ಬಂದೂಕು ನೋಡಿದ್ದು ಪೊಲೀಸರ ಹೆಗಲ ಮೇಲೆ ಮಾತ್ರ. ಆ ಹೊಲಕ್ಕೆ ಉಚ್ಚಂಗಮ್ಮ ಕಳೆ ತೆಗೆಯಲು ಹೋದಳು, ತಿಪ್ಪೇಶಪ್ಪ ಕುಂಟಿಕೊಂಡು ಕಲ್ಲು ಆರಿಸಲು ಹೋದ. ಎಂಬತ್ತೊಂದರಲ್ಲಿ ಅಲ್ಲೇ ಕುಸಿದು ಸತ್ತ. ಬದುವಿನ ಮಗ್ಗುಲಲ್ಲಿ ಹೂಳುತ್ತೇವೆಂದು ಉಚ್ಚಂಗಮ್ಮ ಕೈಮುಗಿದಳು.

"ಹೊಲ ಮೈಲಿಗೆ ಆಗ್ತೈತೆ, ಎತ್ತಿಕೊಂಡು ನಡೀರಿ," ಎಂದ ಷಡ್ಡಕ.