ವಸ್ತಿ ಬಸ್ಸಿನ ವೇಳಾಪಟ್ಟಿ

ನನ್ನ ಬಸ್ ಪಟ್ಟಿಯನ್ನು ಓದಿ ಹೇಳಿದಾಗ ಮಲ್ಲಮ್ಮ ನಕ್ಕುಬಿಟ್ಟಳು. ಲಿಂಗಂಪಲ್ಲಿಯ ನಮ್ಮ ಸಾಫ್ಟ್‌ವೇರ್ ಕಚೇರಿಯ ಹೊಸ ಕಟ್ಟಡಕ್ಕೆ, ದೂರದ ಊರು ಬಿಟ್ಟು ಬಂದು, ಇಟ್ಟಿಗೆ ಹೊರುತ್ತಿದ್ದವಳು ಅವಳು. ಸುರಪುರದಾಚೆಯ ಅವಳ ಸೀಮೆಯನ್ನು ಎರಡು ದಿನ ಬಸ್ಸಿನಲ್ಲೇ ಸುತ್ತಲು ನಾನು ಎಕ್ಸೆಲ್‌ನಲ್ಲಿ ನಿಮಿಷ ನಿಮಿಷವನ್ನೂ ಕೂರಿಸಿದ್ದೆ.

“ವಸ್ತಿ ಬಸ್ ರಾತ್ರಿ ನಮ್ಮೂರಾಗ ಇರತೈತ್ರಿ. ಮುಂಜಾನೆ ಡ್ರೈವರ್ ನಮ್ಮ ಮನ್ಯಾಗ ಚಾ ಕುಡದ ಮ್ಯಾಲೇ ಬಿಡತಾನ.”

ಭಾನುವಾರ ಮುಂಜಾನೆ ಅವಳೂರಿನಲ್ಲಿ ಹಾಗೇ ಆಯಿತು. ಅವಳ ಮನೆಯಂಗಳದಲ್ಲಿ ಯಾರೋ ನನ್ನ ಕೈಗೂ ಲೋಟ ಕೊಟ್ಟರು. ‘ಚಹಾದಿಂದ ವಿಳಂಬ: ಹದಿನೆಂಟು ನಿಮಿಷ’ ಎಂದು ಪಟ್ಟಿಯಲ್ಲಿ ತಿದ್ದಿಕೊಂಡೆ.

ಸೋಮವಾರ ಕಚೇರಿಗೆ ಮರಳಿ ಮಲ್ಲಮ್ಮನಿಗೆ ಹೆಮ್ಮೆಯಿಂದ ಅದನ್ನೇ ಹೇಳಿದೆ. ಮಲ್ಲಮ್ಮ ತಲೆಯ ಮೇಲಿನ ಬುಟ್ಟಿ ಇಳಿಸಿದಳು. “ಚಾ ಕೊಟ್ಟಾಕಿ ನನ್ನ ಮಗಳು. ಎಷ್ಟ ಎತ್ತರ ಆಗ್ಯಾಳ್ರಿ?”

ಆ ಹದಿನೆಂಟು ನಿಮಿಷವೂ ನಾನು ಗಡಿಯಾರವನ್ನೇ ನೋಡುತ್ತಿದ್ದೆ.