ಹಿಮಮೋಡದ ಕೆಳಗೆ ಮಗಳ ವಿಮಾನ

ನನ್ನ ಮಗಳು ಸೈಂಟಿಸ್ಟ್. ವಿಮಾನದಲ್ಲಿ ಕೂತು, ತೀರಾ ಎತ್ತರದ ಹಿಮದ ಮೋಡಗಳು ಬಿಡುವ ಶಾಖವನ್ನು ಇನ್‌ಫ್ರಾರೆಡ್ ಕ್ಯಾಮೆರಾದಿಂದ ಅಳೆಯುತ್ತಾಳೆ. ಆ ಮಧ್ಯಾಹ್ನ ಕುಷ್ಟಗಿಯ ನಮ್ಮ ಮಾಳಿಗೆಯ ಮೇಲೇ ಹಾದುಹೋಗುತ್ತೇನೆ ಅಂದಿದ್ದಳು. ನೋಡಿದರೆ ವಿಮಾನ ಮುಂದೆ ಹೋಗಲೇ ಇಲ್ಲ. ಸ್ವಲ್ಪ ದೂರ ಹೋಗಿ ಮತ್ತೆ ತಿರುಗಿ ಬರುತ್ತಿತ್ತು.

"ದಾರಿ ತಪ್ಪೈತ್ರೀ ಅಕ್ಕೋರ! ಹೊಲಾ ಹೊಡಿಯೋ ಎತ್ತಿನಂಗ ಅಲ್ಲೇ ತಿರಗಾಕತ್ತೈತಿ," ಎಂದಳು ಪಕ್ಕದ ಮನೆಯಾಕೆ.

ಕಾನ್ವೆಂಟಿನಲ್ಲಿ ಕಲಿತ ಪ್ರೇಯರ್ ಅರ್ಧಕ್ಕೇ ಮರೆತುಹೋಯಿತು. ಉಪ್ಪು, ಮೆಣಸಿನಕಾಯಿ ಹಿಡಿದು ಆಕಾಶಕ್ಕೇ ದೃಷ್ಟಿ ತೆಗೆದೆ; ಹುಲಿಗೆಮ್ಮನಿಗೆ ಹರಕೆ ಹೊತ್ತೆ.

ಸಂಜೆ ಫೋನಿನಲ್ಲಿ ಮಗಳು ನಕ್ಕಳು. "ಅಮ್ಮಾ, ಒಂದ ಮೋಡದ ಕೆಳಗ ಮತ್ತ ಮತ್ತ ಹಾರಿದ್ರನ ರೀಡಿಂಗ್ ಖಾತ್ರಿ ಆಗೂದು. ನಾಳೆ ಮೋಡದ ಒಳಗ ಹೊಕ್ಕು ನೋಡ್ತೀವಿ."

ದೃಷ್ಟಿಯ ಉಪ್ಪನ್ನು ಒಲೆಗೆ ಹಾಕಲು ಎದ್ದವಳು, ನಾಳೆಗಿರಲಿ ಎಂದು ಸೆರಗಿನಲ್ಲಿ ಕಟ್ಟಿಕೊಂಡೆ.